ಹುರಿಯುವ ಕೋಣೆಯ ಕೆಮ್ಮು

ಜೂನ್ 9

ಪ್ರೀತಿಯ ಚೂಟಿಗೆ,

ಫೋನ್ ಮಾಡಬಹುದಿತ್ತಲ್ಲ ಅತ್ತಿಗೆ ಎಂದು ನೀನು ಕೇಳುತ್ತೀಯ. ಫೋನಿರುವುದು ಅಂಗಡಿಯಲ್ಲಿ, ತಕ್ಕಡಿಯ ಪಕ್ಕ. ಅಲ್ಲಿ ನಿಂತು ಏನು ಮಾತಾಡಿದರೂ ಹಣ್ಣು ಕೊಳ್ಳಲು ಬಂದವರೆಲ್ಲ ತಲೆಯಾಡಿಸಿಕೊಂಡು ಕೇಳುತ್ತಾರೆ, ಕೆಲವರು ಸಲಹೆಯನ್ನೂ ಕೊಡುತ್ತಾರೆ. ಇದು ಅವರ ಕಿವಿಗೆ ಬೀಳುವ ವಿಷಯವಲ್ಲ. ನಿನ್ನ ಅಣ್ಣನ ಕಿವಿಗಂತೂ ಬೀಳಲೇಬಾರದು. ಅದಕ್ಕೇ ಕಾಗದ.

ಅತ್ತೆಗೆ ವಾಸನೆ ಗೊತ್ತಾಗುತ್ತಿಲ್ಲ.

ನನಗೆ ಇದು ತಿಳಿದದ್ದು ಹೋದ ವಾರ. ಈ ಸಲದ ಮೊದಲ ಅಂಜೂರ ಕಿತ್ತಿದ್ದೆವು. ಒಂದು ಬುಟ್ಟಿ ಅಂಗಡಿಯ ಮೇಜಿನ ಕೆಳಗೇ ಮರೆತುಹೋಗಿ ಹುಳಿ ಬಂದು ಕೊಳೆತಿತ್ತು. ನಾನು ಅಂಗಳದಲ್ಲಿದ್ದಾಗಲೇ ಆ ನಾತ ಮೂಗಿಗೆ ಬಡಿಯಿತು. ಒಳಗೆ ಬಂದು ನೋಡಿದರೆ ಅತ್ತೆ ಅದೇ ಬುಟ್ಟಿಗೆ ಕಾಲು ತಾಗಿಸಿಕೊಂಡು ಕೂತು ಬಾದಾಮಿಗೆ ಪೊಟ್ಟಣ ಮಡಿಸುತ್ತಿದ್ದಾರೆ. "ಇವತ್ತು ಯಾಕೋ ನೊಣ ಜಾಸ್ತಿ" ಅಂದರು. ಅಷ್ಟೆ. ಒಂದು ಹಿಡಿ ಬಾದಾಮಿ ಮೂಸಿ ಇದು ಬಾವಿಯ ಕಡೆಯ ಸಾಲಿನದು, ಇದು ರಸ್ತೆಯ ಕಡೆಯದು ಎಂದು ಹೇಳುತ್ತಿದ್ದ ಹೆಂಗಸು!

ಚಳಿಗಾಲದಲ್ಲಿ ಜ್ವರ ಬಂದಿತ್ತಲ್ಲ, ಆಗಲೇ ಹೋಗಿರಬೇಕು. ಅಲ್ಲಿಂದೀಚೆಗೆ ಹುರಿಯುವಾಗ ಅತ್ತೆ ಒಲೆಯ ಮೇಲೆ ತಿರುಗಿಸುವ ಡ್ರಮ್ಮಿಗೆ ಕಿವಿ ಕೊಟ್ಟು ಬಗ್ಗುತ್ತಾರೆ, ಬಾದಾಮಿ ಚಿಟಚಿಟ ಅನ್ನುವುದನ್ನು ಕೇಳಿ ಹದ ಹಿಡಿಯಲು ನೋಡುತ್ತಾರೆ. ನಿನ್ನ ಅಣ್ಣ ಇದನ್ನು ಕಂಡು, ಅಮ್ಮನಿಗೆ ಕಿವಿ ಮಂದವಾಯಿತು ಎಂದುಕೊಂಡಿದ್ದಾರೆ. ಈಗ ಅತ್ತೆಯನ್ನು ಊಟಕ್ಕೆ ಕರೆಯುವುದೂ ಗಂಟಲು ಹರಿಯುವಂತೆ ಕೂಗಿಯೇ. ಅತ್ತೆ "ಯಾಕೋ ಅರಚ್ತೀಯ?" ಎಂದರೆ ಇನ್ನೂ ಜೋರಾಗಿ ಹೇಳುತ್ತಾರೆ.

ನಿಜ ಗೊತ್ತಾದರೆ ನಿನ್ನ ಅಣ್ಣ ಮಾರನೆಯ ದಿನವೇ ಆ ಕರೆಂಟಿನ ಹುರಿಯುವ ಮೆಷಿನ್ ತರಿಸುತ್ತಾರೆ. ಗುಂಡಿ ಒತ್ತಿದರೆ ತಾನೇ ಹುರಿದು ಗಂಟೆ ಬಾರಿಸುತ್ತದಂತೆ. ಆಮೇಲೆ ಅತ್ತೆ ಏನು ಮಾಡಬೇಕು? ನಿನ್ನ ಅಜ್ಜಿ ಆ ಡ್ರಮ್ಮಿನ ಹಿಡಿಕೆಯನ್ನು ಅತ್ತೆಯ ಕೈಗೆ ಕೊಟ್ಟಾಗಿನಿಂದ ಅವರು ಬೇರೆ ಕೆಲಸವನ್ನು ಕೆಲಸ ಎಂದೇ ಎಣಿಸಿದವರಲ್ಲ.

ಸದ್ಯಕ್ಕೆ ಏನಾದರೊಂದು ನೆವ ಹೇಳಿಕೊಂಡು ಹುರಿಯುವ ಕೋಣೆಯಲ್ಲಿ ನಾನೇ ಪಕ್ಕದಲ್ಲಿ ನಿಲ್ಲುತ್ತಿದ್ದೇನೆ. ಆದರೆ ಇದು ಎಷ್ಟು ದಿನ? ಆಗಸ್ಟಿನಲ್ಲಿ ಬಾದಾಮಿ ಕಾಯಿ ಬಡಿಯುವ ಹೊತ್ತಿಗೆ ನೀನು ಬಂದುಬಿಡು. ಮಗಳು ಮೆಲ್ಲಗೆ ಕೇಳಿದರೆ ಬಾಯಿ ಬಿಟ್ಟಾರು. ನಾನು ಕೇಳಿದರೆ ಅದರ ಅರ್ಥವೇ ಬೇರೆಯಾಗುತ್ತದೆ.

ನಿನ್ನ
ಅತ್ತಿಗೆ

*

ಜೂನ್ 24

ಅತ್ತಿಗೆಗೆ,

ಕಾಗದ ಸಿಕ್ಕಿತು. ಪೆನ್ನು ಕೈಗೆ ಸಿಗಲಿಲ್ಲ, ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ. ಬೆಳಕಿಗೆ ಹಿಡಿದು ಓದಿಕೊಳ್ಳಿ.

ಅಮ್ಮನ ಮೂಗು ಕೆಟ್ಟಿದೆ ಎಂದರೆ ನನಗೆ ನಂಬಲಾಗುವುದಿಲ್ಲ. ಚಿಕ್ಕಂದಿನಲ್ಲಿ ನಾನು ಬೇಲಿ ಬದಿಯ ಮರದ ದಾಳಿಂಬೆ ಕದ್ದು ತಿಂದು, ಬಾಯಿ ಮುಕ್ಕಳಿಸಿಕೊಂಡು ಒಳಗೆ ಬಂದರೂ "ಎಲ್ಲಿ, ಉಸಿರು ಬಿಡು" ಎಂದು ಹಿಡಿಯುತ್ತಿದ್ದಳು. ನೆಗಡಿ ಕಟ್ಟಿರಬಹುದು. ಅಂಗಡಿಯಲ್ಲಿ ಒಂದು ಬುಟ್ಟಿ ಹಣ್ಣು ಕೊಳೆತರೆ ಅದಕ್ಕೆ ಇಷ್ಟು ದೊಡ್ಡ ಕಥೆ ಬೇಕಿಲ್ಲ.

ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅಮ್ಮ ನಿಮ್ಮನ್ನು ಯಾವತ್ತೂ ಹುರಿಯುವ ಕೋಣೆಗೆ ಸೇರಿಸಿಕೊಂಡಿಲ್ಲ. ಅದು ನಿಮ್ಮ ಮನಸ್ಸಿನಲ್ಲಿದೆ ಎಂದು ನನಗೆ ಗೊತ್ತು. ಇರಬೇಕಾದ್ದೇ. ಈಗ ನೋಡಿದರೆ ನೀವು ಅಲ್ಲಿ ನಿಂತಿದ್ದೀರಿ, ಅಮ್ಮನಿಗೆ ಕೈಲಾಗುವುದಿಲ್ಲ ಎನ್ನುತ್ತಿದ್ದೀರಿ, ಅದನ್ನು ನಾನು ಬಂದು ಅವಳಿಗೆ ಹೇಳಬೇಕು ಎನ್ನುತ್ತಿದ್ದೀರಿ. ಆ ಹಿಡಿಕೆ ನಿಮಗೆ ಬೇಕಾಗಿದ್ದರೆ ನೇರವಾಗಿ ಅಮ್ಮನನ್ನೇ ಕೇಳಿ. ನಡುವೆ ನಾನು ಯಾಕೆ?

ಆಗಸ್ಟಿನಲ್ಲಿ ಬರಲು ಆಗುವುದಿಲ್ಲ. ಕಂಪನಿಯಲ್ಲಿ ಹೊಸ ನಾಟಕ, ಒಂದು ಸೈನ್ಯಕ್ಕಾಗುವಷ್ಟು ಅಂಗಿ ಹೊಲಿಯಬೇಕು. ತಲೆ ಎತ್ತಲು ಪುರುಸೊತ್ತಿಲ್ಲ. ಇವರೂ ರಂಗದ ದೀಪ ಕಟ್ಟುತ್ತಾ ಏಣಿಯ ಮೇಲೇ ಇರುತ್ತಾರೆ.

ಅಣ್ಣನಿಗೆ ಕೇಳಿದೆನೆಂದು ಹೇಳಿ.

ಚೂಟಿ

*

ಜುಲೈ 5

ಚೂಟಿಗೆ,

ಹಿಡಿಕೆ ಬೇಕಾ ಎಂದು ಕೇಳಿದ್ದೀಯ. ಬೇಕು. ಈ ಮನೆಗೆ ಬಂದ ಮೊದಲ ವಾರ, ಆ ಕೋಣೆಯ ಬಾಗಿಲಲ್ಲಿ ನಿಂತು ಬಿಸಿ ಬಾದಾಮಿಯ ಗಾಳಿ ಮುಖಕ್ಕೆ ಹೊಡೆದಾಗಿನಿಂದ ಬೇಕು. ಆದರೆ ಹೀಗಲ್ಲ. ಅವರಿಂದ ಕಿತ್ತುಕೊಂಡಲ್ಲ.

ಎಲ್ಲರೂ ಚೆನ್ನಾಗಿದ್ದೇವೆ. ಅಂಜೂರ ಮುಗಿಯಿತು. ಹಣ್ಣು ತಾವೇ ಕೀಳುತ್ತೇವೆಂದು ಬರುವವರು ಈ ಸಲವೂ ಕೊಂಬೆ ಮುರಿದು ಹೋಗಿದ್ದಾರೆ.

ನಿನ್ನ ಕೆಲಸಕ್ಕೆ ತೊಂದರೆ ಕೊಡುವುದಿಲ್ಲ.

ಅತ್ತಿಗೆ

*

ಸೆಪ್ಟೆಂಬರ್ 1

ಚೂಟಿ,

ಇನ್ನು ಬರೆಯಬಾರದು ಎಂದುಕೊಂಡಿದ್ದೆ. ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ. ಕಾಯಿ ಬಡಿಯುವ ಕೆಲಸ ಶುರುವಾದ ಮೇಲೆ ಸಿಟ್ಟು ಮಾಡಿಕೊಳ್ಳಲೂ ಬಿಡುವಾಗಲಿಲ್ಲ. ಮರದಡಿಗೆ ಟಾರ್ಪಾಲು ಹಾಸುವುದು, ಕೋಲಿನಿಂದ ಬಡಿಯುವುದು, ಬಿದ್ದದ್ದನ್ನು ರಾಶಿ ಹಾಕಿ ಮೇಲಿನ ಹಸಿರು ಸಿಪ್ಪೆ ಸುಲಿಯುವುದು, ಅಂಗಳದಲ್ಲಿ ಒಣಗಿಸುವುದು, ಮೋಡ ಕಂಡರೆ ಎಲ್ಲರೂ ಕೈಗೆ ಸಿಕ್ಕಿದ್ದನ್ನು ಹೊದಿಸಲು ಓಡುವುದು. ನಿನ್ನ ಅಣ್ಣ ಒಂದು ಸಲ ಮಂಚದ ಮೇಲಿನ ಹಾಸಿಗೆಯನ್ನೇ ಎಳೆದು ತಂದರು.

ಅತ್ತೆ ಹುರಿಯುತ್ತಿದ್ದಾರೆ. ನಾನು ಕೆಮ್ಮುತ್ತಿದ್ದೇನೆ. ಅದೇನೆಂದರೆ, ಹೇಳಿದರೆ ಅವರ ಮನಸ್ಸಿಗೆ ನೋವು, ಹೇಳದಿದ್ದರೆ ಬಾದಾಮಿ ಇದ್ದಿಲು. ಹೀಗಾಗಿ ಒಂದು ದಿನ ಹದದ ವಾಸನೆ ಬಂದ ಕೂಡಲೇ, ಬಾಯಿಂದ ಮಾತು ಹೊರಡದೆ, ಕೆಮ್ಮಿಬಿಟ್ಟೆ. ಅತ್ತೆ ಆ ಕ್ಷಣಕ್ಕೇ ಡ್ರಮ್ಮನ್ನು ಒಲೆಯಿಂದ ಸರಿಸಿದರು. ಕಾಕತಾಳೀಯ ಎಂದುಕೊಂಡೆ. ಮಾರನೆಯ ದಿನ ಮತ್ತೆ ಕೆಮ್ಮಿದೆ, ಮತ್ತೆ ಸರಿಸಿದರು. ಅಂದಿನಿಂದ ಇದೇ ನಡೆದಿದೆ. ಅವರಿಗೆ ಏನು ಗೊತ್ತು, ಏನು ಗೊತ್ತಿಲ್ಲ, ನನಗಂತೂ ತಿಳಿಯದು. ನಾವಿಬ್ಬರೂ ಅದರ ಬಗ್ಗೆ ತುಟಿ ಬಿಚ್ಚಿಲ್ಲ.

ಈಗ ಮುಖ್ಯ ವಿಷಯ. ನಿನ್ನ ಅಣ್ಣ ಹೊಸ ಬಾದಾಮಿ ಎಷ್ಟು ಕಳಿಸಲಿ ಎಂದು ಕೇಳೋಣವೆಂದು ನಿನ್ನ ಕಂಪನಿಗೆ ಫೋನ್ ಮಾಡಿದ್ದರು. ಫೋನ್ ತೆಗೆದವರು "ಅವರು ಬೇಸಿಗೆಯಿಂದ ಕೆಲಸಕ್ಕೆ ಬರ್ತಿಲ್ಲವಲ್ಲ" ಎಂದರಂತೆ. ನಿನ್ನ ಅಣ್ಣ ತಪ್ಪು ಜಾಗಕ್ಕೆ ಮಾಡಿದೆನೆಂದುಕೊಂಡು ಇಟ್ಟುಬಿಟ್ಟರು. ನಾನು ಹಾಗೆ ಅಂದುಕೊಳ್ಳಲಿಲ್ಲ.

ನಿನ್ನ ಜೂನ್ ತಿಂಗಳ ಕಾಗದ ತೆಗೆದು ಮತ್ತೆ ನೋಡಿದೆ. ಮೊದಲ ಸಲ ಮಾತುಗಳನ್ನಷ್ಟೇ ಓದಿದ್ದೆ. ಈಗ ಅಕ್ಷರ ನೋಡಿದೆ. ಗೆರೆಗಳೆಲ್ಲ ಮೇಲಕ್ಕೆ ಏರಿವೆ, ಪೆನ್ಸಿಲು. ನನ್ನ ತಾಯಿ ಕೊನೆಯ ದಿನಗಳಲ್ಲಿ ಮಲಗಿಕೊಂಡೇ ಬರೆಯುತ್ತಿದ್ದರು. ಮೇಲ್ಮುಖವಾಗಿ ಹಿಡಿದರೆ ಪೆನ್ನು ಬರೆಯುವುದಿಲ್ಲ ಎಂದು ಪೆನ್ಸಿಲನ್ನೇ ಕೇಳುತ್ತಿದ್ದರು.

ಚೂಟಿ, ನಿನಗೇನಾಗಿದೆ? ಹಿಡಿಕೆ, ಮೂಗು ಎಲ್ಲ ಹಾಳಾಗಿ ಹೋಗಲಿ. ಎರಡು ಸಾಲು ಬರೆ.

ಅತ್ತಿಗೆ

*

ಸೆಪ್ಟೆಂಬರ್ 9

ಅತ್ತಿಗೆ,

ನೀವು ನಾಟಕ ಕಂಪನಿ ಸೇರಬೇಕಿತ್ತು, ಅಥವಾ ಪೊಲೀಸು.

ಹೌದು, ಮಲಗಿದ್ದೇನೆ. ಗಾಬರಿಯಾಗಬೇಡಿ, ಕಾಯಿಲೆಯಲ್ಲ. ಬಸುರಿ. ಈ ವಯಸ್ಸಿನಲ್ಲಿ, ನಾವಿಬ್ಬರೂ ಆಸೆ ಬಿಟ್ಟ ಮೇಲೆ. ಡಾಕ್ಟರಮ್ಮ ಮೊದಲ ದಿನವೇ ಹೊಲಿಗೆ ಮೆಷಿನ್ ಮುಟ್ಟಬಾರದು, ಮೆಟ್ಟಿಲು ಹತ್ತಬಾರದು, ಮಂಚ ಬಿಟ್ಟು ಏಳಬಾರದು ಎಂದರು. ಯಾಕೆಂದರೆ ಇದಕ್ಕೆ ಮೊದಲು ಎರಡು ಹೋಗಿವೆ. ಅದು ನಿಮಗೆ ಗೊತ್ತಿಲ್ಲ, ಯಾರಿಗೂ ಹೇಳಲಿಲ್ಲ. ಮೊದಲನೆಯದು ಹೋದಾಗ ಇನ್ನೊಂದು ಆಗುತ್ತದೆ, ಆಗ ಸಿಹಿಸುದ್ದಿಯನ್ನೇ ಹೇಳೋಣ ಎಂದುಕೊಂಡೆ. ಎರಡನೆಯದೂ ಹೋದ ಮೇಲೆ ಹೇಳಲು ಬಾಯಿ ಬರಲಿಲ್ಲ. ಈ ಸಲ ಹೇಳಿದರೆ ಎಲ್ಲಿ ಇದೂ ಕೈ ಜಾರುತ್ತದೋ ಎಂಬ ಭಯ. ಪಕ್ಕಕ್ಕೆ ಹೊರಳುವಾಗಲೂ ಉಸಿರು ಹಿಡಿಯುತ್ತೇನೆ.

ನಿಮ್ಮ ಮೊದಲ ಕಾಗದ ಬಂದ ದಿನ ನನಗೆ ಸ್ವಲ್ಪ ರಕ್ತ ಕಂಡಿತ್ತು. ಅವತ್ತು ನನಗೆ ಅಮ್ಮ ಬೇಕಿದ್ದಳು, ಮೊದಲಿನ ಅಮ್ಮ, ಎಲ್ಲವನ್ನೂ ಮೂಸಿ ಹಿಡಿಯುವವಳು. ಅವಳಿಗೆ ಏನೋ ಆಗಿದೆ ಎಂದು ನೀವು ಬರೆದದ್ದನ್ನು ತಡೆದುಕೊಳ್ಳಲಾಗಲಿಲ್ಲ. ಅದಕ್ಕೆ ನಿಮ್ಮ ಮೇಲೆ ಹರಿಹಾಯ್ದೆ. ನೀವು ಬರೆದ "ಬೇಕು, ಆದರೆ ಹೀಗಲ್ಲ" ಎಂಬುದನ್ನು ಇವರಿಗೆ ಓದಿ ಹೇಳಿದೆ. ಇವರು "ನಿನ್ನ ಅತ್ತಿಗೆ ನಿನಗಿಂತ ಮೇಲು" ಎಂದು ಹೇಳಿ ಗಂಜಿ ಕಾಯಿಸಲು ಹೋದರು. ಅಡಿಗೆಯೆಲ್ಲ ಈಗ ಇವರದೇ. ದೀಪ ಬಿಡುವವರ ಕೈ ಅಡಿಗೆಯಲ್ಲಿ ಉಪ್ಪು ಒಂದು ದಿನ ಮಂದ, ಒಂದು ದಿನ ಪ್ರಖರ.

ಈಗ ಮಗು ಒದೆಯುತ್ತದೆ. ಇನ್ನು ಎರಡು ತಿಂಗಳ ಮೇಲೆ ಸ್ವಲ್ಪ.

ಅಮ್ಮನಿಗೆ ಹೇಳಬೇಡಿ. ಹೇಳಿದರೆ ತೋಟ ಬಿಟ್ಟು ಹೊರಟುಬಿಡುತ್ತಾಳೆ. ಸುಗ್ಗಿಯ ಹೊತ್ತು, ನಿಮಗೆಲ್ಲ ಕಷ್ಟ. ಮೇಲಾಗಿ, ಏನಾದರೂ ಆದರೆ ಅವಳ ಮುಖ ನೋಡಲು ನನ್ನ ಕೈಲಿ ಆಗುವುದಿಲ್ಲ. ನನ್ನ ಮೇಲೆ ಆಣೆ.

ಚೂಟಿ

*

ಸೆಪ್ಟೆಂಬರ್ 16

ಚೂಟಿ,

ಆಣೆ ಮುರಿದೆ. ಹೇಗೆಂದು ಕೇಳು, ಆಮೇಲೆ ಬೈಯಿ.

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಬಂತು. ಅಂಗಡಿಯಲ್ಲಿ ಜನ, ಮನೆಯಲ್ಲಿ ನಿನ್ನ ಅಣ್ಣ. ಹೀಗಾಗಿ ಹುರಿಯುವ ಕೋಣೆಗೆ ತಂದು, ಚೀಲಗಳ ಹಿಂದೆ ನಿಂತು ಓದಿದೆ. ಅತ್ತೆ ಡ್ರಮ್ಮು ತಿರುಗಿಸುತ್ತಿದ್ದರು. ಆ ಎರಡು ಮಕ್ಕಳ ಸಾಲಿಗೆ ಬಂದಾಗ ನನಗೆ ತಡೆಯಲಾಗಲಿಲ್ಲ.

"ಯಾಕೆ ಅಳ್ತಿದ್ದೀಯ?" ಎಂದರು, ಈ ಕಡೆ ತಿರುಗದೆ.

"ಅಳ್ತಿಲ್ಲ ಅತ್ತೆ. ಹೊಗೆ."

"ಒಲೇಲಿ ಹೊಗೆ ಇಲ್ಲ. ನನ್ನ ಮೂಗು ಹೋಗಿದೆ, ಕಣ್ಣು ಹೋಗಿಲ್ಲ."

 ಅಷ್ಟು ತಿಂಗಳು ಇಬ್ಬರೂ ಬಟ್ಟೆ ಮುಚ್ಚಿ ಇಟ್ಟಿದ್ದನ್ನು ಅವರು ಹೀಗೆ, ಉಪ್ಪು ಕೊಡು ಎಂದು ಕೇಳುವ ಹಾಗೆ, ತೆಗೆದು ಮುಂದಿಟ್ಟರು.

"ಹಾಗಾದ್ರೆ ನಾನು ಕೆಮ್ತಾ ಇದ್ದಿದ್ದು..."

"ನೆಗಡಿ ಇಲ್ಲ, ದಮ್ಮು ಇಲ್ಲ. ದಿನಾ ನಾನು ಹುರಿಯೋ ಹೊತ್ತಿಗೇ ಕೆಮ್ಮು ಬರುತ್ತೆ ಅಂದ್ರೆ ಅದ್ಯಾವ ರೋಗಾನಮ್ಮಾ?"

ನನಗೆ ಅಳುವಿನ ನಡುವೆಯೇ ನಗು ಬಂತು. ಅವರು ನಗಲಿಲ್ಲ. ಹಿಡಿಕೆ ತಿರುಗಿಸುತ್ತಲೇ ಇದ್ದರು. "ಯಾರ ಕಾಗದ?" ಎಂದರು.

"ಚೂಟೀದು."

"ಚೆನ್ನಾಗಿದ್ದಾಳಾ?"

ಇಷ್ಟು ದಿನ ಒಂದು ಸುಳ್ಳನ್ನು ಸಾಕಿದ್ದೆ. ಅದು ಸತ್ತ ಜಾಗದಲ್ಲೇ ಇನ್ನೊಂದನ್ನು ತಂದು ಕಟ್ಟಲು ನನ್ನಿಂದ ಆಗಲಿಲ್ಲ. ಎಲ್ಲ ಹೇಳಿದೆ. ಹೋದ ಎರಡರ ವಿಷಯವನ್ನೂ. ಅತ್ತೆಯ ಕೈ ಒಂದು ಸಲ ಮಾತ್ರ ನಿಂತು ಮತ್ತೆ ತಿರುಗಿತು. ಎಷ್ಟೋ ಹೊತ್ತಿನ ಮೇಲೆ, "ಕೆಮ್ಮಮ್ಮ, ಹೊತ್ತಾಯ್ತು" ಎಂದರು. ನಾನು ಮರೆತೇಬಿಟ್ಟಿದ್ದೆ. ಮೂಸಿ ನೋಡಿ ಕೆಮ್ಮಿದೆ. ಅವರು ಡ್ರಮ್ಮು ಸರಿಸಿ, ಬಾದಾಮಿಯನ್ನು ತಟ್ಟೆಗೆ ಸುರಿದು ಹರವಿ, ಸೊಂಟಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿ ನನ್ನ ಕೈಗೆ ಕೊಟ್ಟರು. ಹಿಡಿಕೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೇಳಿದ್ದು ಇಷ್ಟೇ: "ಬೆಳಗಿನ ಬಸ್ಸು ಎಷ್ಟೊತ್ತಿಗೆ?"

ನಿನ್ನ ಅಣ್ಣನಿಗೂ ಎಲ್ಲ ಹೇಳಿಯಾಯಿತು. "ಮೂಗಾ? ನಾನು ಕಿವಿ ಅಂದ್ಕೊಂಡಿದ್ನಲ್ಲೇ!" ಎಂದರು. ಆಮೇಲೆ ಬಹಳ ಹೊತ್ತು ಬಾವಿಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ಮೂಗಿಗಾಗಿ ಅಲ್ಲ, ನಿನಗಾಗಿ. ಎದ್ದು ಬಂದು, "ನೀನು ಒಬ್ಬಳೇ ಹೇಗೆ ಮಾಡ್ತೀಯ, ಮೆಷಿನ್ ತರಿಸ್ಲಾ?" ಎಂದು ಕೇಳಿದರು. "ತರಿಸಿ, ಒದ್ದೆ ಬಟ್ಟೆ ಒಣಗಿಸೋಕೆ ಆಗುತ್ತೆ" ಎಂದೆ.

ಈ ಕಾಗದ ಅಂಚೆಗೆ ಹಾಕುವುದಿಲ್ಲ, ಅತ್ತೆಯ ಚೀಲದಲ್ಲೇ ಇಡುತ್ತಿದ್ದೇನೆ. ಹಾಗಾಗಿ ನೀನು ಇದನ್ನು ಓದುವ ಹೊತ್ತಿಗೆ ಅವರು ನಿನ್ನ ತಲೆಯ ಹತ್ತಿರ ಕೂತಿರುತ್ತಾರೆ. ನೀನು ಏಳಬೇಡ.

ನಿನ್ನ
ಅತ್ತಿಗೆ

*

ಡಿಸೆಂಬರ್ 3

ಪ್ರೀತಿಯ ಅತ್ತಿಗೆಗೆ,

ಫೋನಿನಲ್ಲಿ ಅಣ್ಣ ಕಿರುಚಿದ್ದು ಕೇಳಿ ಇಲ್ಲಿ ಮಗುವೇ ಬೆಚ್ಚಿತು. ನಿಮ್ಮ ಅಂಗಡಿಯ ಗಿರಾಕಿಗಳಿಗೂ ನನಗೆ ಹೆಣ್ಣು ಮಗು ಹುಟ್ಟಿದ್ದು ಗೊತ್ತಾಗಿರಬೇಕು. ನೋಡಿ, ಕೂತುಕೊಂಡು ಪೆನ್ನಿನಲ್ಲಿ ಬರೆಯುತ್ತಿದ್ದೇನೆ.

ಅಮ್ಮ ಬಂದ ದಿನದಿಂದ ನಾನು ಹೊರಳುವಾಗ ಉಸಿರು ಹಿಡಿಯುವುದನ್ನು ಬಿಟ್ಟೆ. ಅವಳು ಏನೂ ಮಾಡಲಿಲ್ಲ, ನಿಜ ಹೇಳುತ್ತೇನೆ. ಸಮಾಧಾನದ ಮಾತು ಅವಳಿಗೆ ಬರುವುದಿಲ್ಲ, ನಿಮಗೆ ಗೊತ್ತಲ್ಲ. ಮಂಚದ ಪಕ್ಕ ಕೂತು, ಇವರು ತಂದ ಕಂಪನಿಯ ಅಂಗಿಗಳಿಗೆ ಗುಂಡಿ ಹಾಕಿದಳು. ಎಲ್ಲ ತಪ್ಪು ತಪ್ಪು. ಸೈನಿಕರೆಲ್ಲ ಓರೆ ಅಂಗಿಯಲ್ಲಿ ಯುದ್ಧಕ್ಕೆ ಹೋದರಂತೆ. ಆ ಎರಡು ಮಕ್ಕಳ ಬಗ್ಗೆ ಒಂದೇ ಒಂದು ಸಲ ಕೇಳಿದಳು, "ಆಗ ನಿನ್ನ ಜೊತೆ ಯಾರಿದ್ರು?" ಎಂದು. ಇವರಿದ್ದರು ಎಂದೆ. "ಒಳ್ಳೇದು" ಎಂದು ದಾರ ಕಚ್ಚಿದಳು. ಆಮೇಲೆ ಅಡಿಗೆಮನೆಗೆ ಹೋಗಿ ಇವರಿಗೆ ಚಹಾ ಮಾಡಿ ಕೊಟ್ಟಳು. ಮದುವೆಯಾದಾಗಿನಿಂದ ಅಳಿಯನ ಜೊತೆ ಸರಿಯಾಗಿ ಮಾತಾಡದವಳು.

ಮಗುವನ್ನು ಒರೆಸಿ ಬಟ್ಟೆಯಲ್ಲಿ ಸುತ್ತಿ ಅವಳ ಕೈಗೆ ಕೊಟ್ಟರು. ಅಮ್ಮ ಅದರ ನೆತ್ತಿಗೆ ಮೂಗು ಒತ್ತಿದಳು. ಹಾಗೇ ಇದ್ದಳು. ತೆಗೆಯಲೇ ಇಲ್ಲ. ನರ್ಸಮ್ಮ "ಅಜ್ಜಿಗೆ ಮೊಮ್ಮಗಳನ್ನ ಬಿಡೋಕೆ ಮನಸ್ಸಿಲ್ಲ" ಎಂದು ನಕ್ಕಳು. ಅಮ್ಮ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು:

"ಹೇಗಿದೆ?"

"ಏನಮ್ಮ?"

"ವಾಸನೆ. ಮಗೂದು. ನನಗೆ ಬರ್ತಿಲ್ಲ ಕಣೇ."

ಅಷ್ಟು ದಿನ ಜೊತೆಗಿದ್ದರೂ ಅದನ್ನು ನನ್ನೆದುರು ಹೇಳಿದ್ದು ಆಗಲೇ. ನಾನು ಮಗುವನ್ನು ತೆಗೆದುಕೊಂಡು ಮೂಸಿದೆ. ಹಾಲು ಎಂದೆ. "ಅದು ಎಲ್ಲರಿಗೂ ಗೊತ್ತು, ಸರಿಯಾಗಿ ಹೇಳು" ಎಂದಳು. ಮತ್ತೆ ಮೂಸಿದೆ. ಆಗತಾನೆ ಇಸ್ತ್ರಿ ಮಾಡಿದ ಹತ್ತಿ ಬಟ್ಟೆ ಇರುತ್ತದಲ್ಲ, ಬಿಸಿ ಇನ್ನೂ ಆರಿರುವುದಿಲ್ಲ, ಹಾಗಿದೆ, ಸ್ವಲ್ಪ ಬ್ರೆಡ್ಡಿನ ಹಾಗೂ ಇದೆ, ಕಿವಿಯ ಹಿಂದೆ ಬೇರೆ ಥರ ಇದೆ ಎಂದೆಲ್ಲ ನನಗೆ ತೋಚಿದ್ದು ಹೇಳುತ್ತಾ ಹೋದೆ. ಅಮ್ಮ ಕಣ್ಣು ಮುಚ್ಚಿ ಕೇಳಿದಳು.

"ನಿಂದೂ ಹಾಗೇ ಇತ್ತು. ನೆನಪಿದೆ. ಸಾಕು ಬಿಡು" ಎಂದಳು.

ಇನ್ನೊಂದು ವಿಷಯ. ಹೇಳಬೇಡ ಎಂದಿದ್ದಾಳೆ. ಈ ಮನೆಯಲ್ಲಿ ಯಾರೂ ಆಣೆ ಪಾಲಿಸುವುದಿಲ್ಲವಾದ್ದರಿಂದ ಹೇಳುತ್ತೇನೆ. ಅತ್ತಿಗೆಗೆ ಇಷ್ಟು ವರ್ಷ ಯಾಕೆ ಕಲಿಸಲಿಲ್ಲ ಎಂದು ಕೇಳಿದೆ. "ಕಲಿಸಿದ್ರೆ ನಾನೇನು ಮಾಡ್ಲಿ? ಅಂಗಡೀಲಿ ಕೂತು ಜನರ ಹತ್ರ ನಗೋಕೆ ನನಗೆ ಬರುತ್ತಾ?" ಎಂದಳು. ಆಮೇಲೆ ತಾನಾಗಿಯೇ ಹೇಳಿದಳು: "ಅವಳು ನಾನು ಇಳಿಸ್ತಿದ್ದ ಹೊತ್ತಿಗಿಂತ ಒಂದು ಉಸಿರು ಮೊದಲೇ ಕೆಮ್ತಾಳೆ. ತಪ್ಪು ಅಂದ್ಕೊಂಡು ಒಂದನ್ನ ಕಚ್ಚಿ ಒಳಗಿನ ಬಣ್ಣ ನೋಡಿದೆ. ಇಳಿಸಿದ ಮೇಲೂ ಬಿಸೀಲಿ ಅದು ಸ್ವಲ್ಪ ಹುರಿಯುತ್ತೆ ನೋಡು, ಅದನ್ನೂ ಸೇರಿಸಿ ಲೆಕ್ಕ ಹಾಕಿದ್ದಾಳೆ. ನಮ್ಮತ್ತೇನೂ ನನಗೆ ಅದನ್ನ ಹೇಳಿಕೊಟ್ಟಿರಲಿಲ್ಲ."

ಚಳಿ ಮುಗಿದ ಮೇಲೆ ಅಮ್ಮ ವಾಪಸ್ಸು ಬರುತ್ತಾಳೆ. ಬಂದು ಏನು ಮಾಡುವುದೆಂದು ಅವಳಿಗೆ ಚಿಂತೆಯಿದೆ. ಬಾಯಿ ಬಿಟ್ಟು ಹೇಳಿಲ್ಲ. ನೀವೇ ನೋಡಿಕೊಳ್ಳಿ ಅತ್ತಿಗೆ. ಈ ಸಲ ನಾನು ನೇರವಾಗಿ ಕೇಳುತ್ತಿದ್ದೇನೆ.

ನಿಮ್ಮ
ಚೂಟಿ

*

ಮಾರ್ಚ್ 12

ಪ್ರೀತಿಯ ಚೂಟಿಗೆ,

ಅತ್ತೆ ಬಂದು ಎರಡು ವಾರವಾಯಿತು. ಬರುವಾಗ ಹೂವಿನ ಕಾಲ ಮುಗಿಯುತ್ತಿತ್ತು, ತೋಟದಲ್ಲಿ ನೆಲವೆಲ್ಲ ಉದುರಿದ ಎಸಳಿನಿಂದ ಬಿಳಿ. ಬಸ್ಸಿಳಿದು ಅಷ್ಟು ದೂರ ನಡೆದು ಬಂದವರು ನೀರು ಕೂಡ ಕುಡಿಯದೆ ಹುರಿಯುವ ಕೋಣೆಯ ಬಾಗಿಲಲ್ಲಿ ನಿಂತರು. ನಾನು ಹಿಡಿಕೆ ಬಿಟ್ಟು ಎದ್ದೆ. "ಕೂತ್ಕೋ, ಬೆಂಕಿ ಇದೆ" ಎಂದು ಹೊರಟುಹೋದರು.

ಮೊದಲ ನಾಲ್ಕು ದಿನ ನೋಡಲಾಗಲಿಲ್ಲ. ಅಂಗಳ ಗುಡಿಸಿದ್ದನ್ನೇ ಗುಡಿಸುವುದು, ಜೋಡಿಸಿಟ್ಟ ಬುಟ್ಟಿಯನ್ನೇ ಜೋಡಿಸುವುದು. ನಾನು ಏನೇನೋ ನೆವ ಹೂಡಿ ಕರೆದೆ. ಬರಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ, "ಅತ್ತೆ, ನಾನು ಒಳಗಿದ್ರೆ ಅಂಗಡಿ ನೋಡೋರಿಲ್ಲ, ನಿಮ್ಮ ಮಗನನ್ನ ಕೂರಿಸಿದ್ರೆ ಗಿರಾಕಿಗಳಿಗೆ ಕಿವಿ ಹೋಗುತ್ತೆ" ಎಂದೆ. ಇದು ನಿಜವೇ, ಅವರಿಗೆ ಅರಚುವ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಅತ್ತೆ ಹೋಗಿ ತಕ್ಕಡಿಯ ಹಿಂದೆ ಕೂತರು.

ನಗುವುದಿಲ್ಲ. ಬಂದವರನ್ನು ದುರುಗುಟ್ಟಿ ನೋಡುತ್ತಾರೆ. ಬೆಲೆ ಕಡಿಮೆ ಮಾಡಿ ಎಂದವರಿಗೆ "ಮರಕ್ಕೆ ಹೇಳಿ" ಎನ್ನುತ್ತಾರೆ. ನಾನು ವ್ಯಾಪಾರ ಮುಗಿಯಿತೆಂದೇ ತಿಳಿದೆ. ಆದರೆ ಜನಕ್ಕೆ ಅದೇ ಇಷ್ಟವಾದಂತಿದೆ. ನೀನು ಕಳಿಸಿದ ಮಗುವಿನ ಫೋಟೋವನ್ನು ತಕ್ಕಡಿಗೆ ಒರಗಿಸಿಟ್ಟಿದ್ದಾರೆ. ಅದನ್ನು ನೋಡಿ ಯಾರು ಎಂದು ಕೇಳಿದವರಿಗೆ ಒಂದು ಹಿಡಿ ಹೆಚ್ಚಿಗೆ ಬೀಳುತ್ತದೆ. ಈಗ ಬರುವವರೆಲ್ಲ ಕೇಳುತ್ತಾರೆ, ಮೊನ್ನೆ ಕೇಳಿದವರೂ ಇವತ್ತು ಮತ್ತೆ ಕೇಳುತ್ತಾರೆ.

ನಿನ್ನೆ ಆ ನಿವೃತ್ತ ಮೇಷ್ಟ್ರು ಬಂದಿದ್ದರು, ಟೋಪಿಯವರು. ಒಳಗೆ ನಾನು ಹುರಿಯುತ್ತಿದ್ದೆ, ನಡುವೆ ಒಂದು ಹಲಗೆಯ ಗೋಡೆ ಅಷ್ಟೆ, ಎಲ್ಲ ಕೇಳಿಸುತ್ತದೆ. ಒಂದು ಬಾದಾಮಿ ಬಾಯಿಗೆ ಹಾಕಿಕೊಂಡು ಹೇಳಿದರು, "ಏನೇ ಹೇಳಿ ಅಮ್ಮ, ನೀವು ಒಳಗಿದ್ದಾಗಿನ ರುಚಿ ಇಲ್ಲ. ಹೋದ ವರ್ಷ ಸುಗ್ಗೀಲಿ ತಗೊಂಡು ಹೋಗಿದ್ನಲ್ಲ, ಆಹಾ! ಅದು ನಿಮ್ಮ ಕೈ."

ನನ್ನ ಕೈ ನಿಧಾನವಾಯಿತು. ಅತ್ತೆ ಹೂಂ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ನನಗೂ ಬೇಸರವಾಗುತ್ತಿರಲಿಲ್ಲ. ಅವರ ಒಂದು ಆಯುಷ್ಯದ ಹೆಸರು ಅದು.

"ಹೋದ ವರ್ಷದ್ದೂ ಅವಳ್ದೇ" ಎಂದರು ಅತ್ತೆ. "ನನಗೆ ವಾಸನೆ ಹೋಗಿ ವರ್ಷದ ಮೇಲಾಯ್ತು. ಕೈ ಮಾತ್ರ ನಂದು. ಮೂಗು ನನ್ನ ಸೊಸೇದು. ನೀವು ಆಹಾ ಅಂದಿದ್ದು ಅವಳಿಗೆ."

ಟೋಪಿಯವರು ಏನೋ ತೊದಲಿದರು. ಅಂಗಡಿಯಲ್ಲಿ ಇನ್ನೂ ಮೂರ್ನಾಲ್ಕು ಜನರಿದ್ದರು, ಅವರೆದುರಿಗೇ ಅತ್ತೆ ಮತ್ತೆ ಹೇಳಿದರು, ಈ ಸಲ ನಿನ್ನ ಅಣ್ಣನಷ್ಟೇ ಜೋರಾಗಿ, "ಹುರಿಯೋದು ನನ್ನ ಸೊಸೆ. ಹದ ಕಮ್ಮಿ ಅನ್ಸಿದ್ರೆ ಒಳಗೆ ಹೋಗಿ ಅವಳನ್ನೇ ಕೇಳಿ."

ಯಾರೂ ಒಳಗೆ ಬರಲಿಲ್ಲ, ಒಳ್ಳೆಯದಾಯಿತು. ನಾನು ಸೆರಗಿನಲ್ಲಿ ಮುಖ ಹುದುಗಿಸಿಕೊಂಡು ಕೂತಿದ್ದೆ. ಮೂಗು ಕಟ್ಟಿಹೋಗಿತ್ತು. ಡ್ರಮ್ಮು ನಿಂತಿದೆ ಎಂಬುದೇ ಗಮನಕ್ಕೆ ಬರಲಿಲ್ಲ. ಹೊಗೆ ಬಾಗಿಲು ದಾಟಿ ಅಂಗಡಿಗೆ ಹೋದ ಮೇಲೆ ಅತ್ತೆಯೇ ಎದ್ದು ಬಂದು ಡ್ರಮ್ಮನ್ನು ಸರಿಸಿದರು. ಅಷ್ಟೂ ಕಪ್ಪು.

ನಾನು ಮೊರದಲ್ಲಿ ತುಂಬಿಕೊಂಡು ತಿಪ್ಪೆಗೆ ಹೊರಟೆ. ಅತ್ತೆ ತಡೆದು, ಒಂದನ್ನು ತೆಗೆದು ಬಾಯಿಗೆ ಹಾಕಿಕೊಂಡರು. ಬೇಡ ಅತ್ತೆ ಎಂದೆ. ಅಗಿದರು. ಅವರ ಮುಖ ಸಿಂಡರಿಸಿತು, ಆಮೇಲೆ ನಿಧಾನವಾಗಿ ಅರಳಿತು.

"ಕಹಿ" ಎಂದರು. "ಮೂಗು ಹೋದಾಗಿಂದ ಏನು ತಿಂದ್ರೂ ಸಪ್ಪೆ. ಇಷ್ಟು ದಿನ ಆದ್ಮೇಲೆ ಏನೋ ಒಂದು ರುಚಿ ಗೊತ್ತಾಯ್ತು ಕಣೇ. ಕೊಡು ಇನ್ನೊಂದು."

ಅಂಗಡಿಯಲ್ಲಿ ಗಿರಾಕಿಗಳು ಕರೆಯುತ್ತಲೇ ಇದ್ದರು. ನಾವು ಹೋಗಲಿಲ್ಲ. ಬಾಗಿಲ ಮೆಟ್ಟಿಲ ಮೇಲೆ ಮೊರ ನಡುವೆ ಇಟ್ಟುಕೊಂಡು ಕೂತು, ಇಬ್ಬರೂ ಸೀದ ಬಾದಾಮಿ ತಿಂದೆವು.

ನಿನ್ನ
ಅತ್ತಿಗೆ